ಬೆಂಝ್ ಹೆಸರು ಏರಿದ್ದು, ಇಳಿದದ್ದು: ನಕ್ಷತ್ರ ನೋಡಬೇಡಿ, ಚಾಸಿ ಸಂಖ್ಯೆ ನೋಡಿ

ಹಳೇಡೀಸೆಲ್ (ಚರ್ಚೆ ಶುರು ಮಾಡಿದವರು)

"ಬೆಂಝ್ ಅಂದ್ರೆ ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ" ಅನ್ನೋರೂ ಇದ್ದಾರೆ, "ಸೆಕೆಂಡ್‌ಹ್ಯಾಂಡ್ ಬೆಂಝ್ ತಗೊಂಡ್ರೆ ಸೈಟ್ ಮಾರಬೇಕಾಗುತ್ತೆ" ಅನ್ನೋರೂ ಇದ್ದಾರೆ. ಇಬ್ಬರ ಮಾತೂ ಸರಿ. ಆದರೆ ಇಬ್ಬರೂ ಹೇಳ್ತಿರೋದು ಬೇರೆ ಬೇರೆ ಕಾರಿನ ಬಗ್ಗೆ. ಯಾವ ಮಾದರಿ, ಯಾವ ವರ್ಷ ಅಂತ ಹೇಳದೆ "ಬೆಂಝ್ ಹೇಗೆ?" ಅಂತ ಕೇಳಿದರೆ ಉತ್ತರ ಕೊಡೋಕೆ ಆಗಲ್ಲ. ಹಾಗಾಗಿ ಈ ಚರ್ಚೆಯಲ್ಲಿ ಮಾದರಿ ಸಂಖ್ಯೆ ಹಿಡಿದೇ ಮಾತಾಡೋಣ.

ಹಳೆಯದನ್ನು ಬೇಗ ಮುಗಿಸ್ತೀನಿ. 1886ರಲ್ಲಿ ಮಾನ್‌ಹೈಮ್‌ನ ಕಾರ್ಲ್ ಬೆಂಝ್ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಿಂದ ಕಥೆ ಶುರು. ಎರಡು ವರ್ಷ ಆದ ಮೇಲೆ ಅವರ ಹೆಂಡತಿ ಬೆರ್ಥಾ ಅದನ್ನು ಫೋರ್ಟ್ಸ್‌ಹೈಮ್‌ವರೆಗೆ ಓಡಿಸಿದರು. ದಾರೀಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು, ಬ್ರೇಕ್ ಸವೆದಾಗ ಚಮ್ಮಾರರಿಂದ ಚರ್ಮ ಹೊಡೆಸಿದರು. ಬ್ರೇಕ್ ಲೈನರ್ ಅನ್ನೋದು ಹುಟ್ಟಿದ್ದೇ ಹಾಗೆ. 1926ರಲ್ಲಿ ಡೈಮ್ಲರ್ ಕಂಪನಿಯೂ ಬೆಂಝ್ ಕಂಪನಿಯೂ ಒಂದಾದವು. 1936ರಲ್ಲಿ 260 ಡಿ ಬಂತು, ಅದು ಸಾಲಾಗಿ ತಯಾರಾದ ಮೊದಲ ಡೀಸೆಲ್ ಕಾರುಗಳಲ್ಲೊಂದು.

ನಮ್ಮ ಕಡೆ ಬೆಂಝ್ ಅಂದ್ರೆ ಮೊದಲು ಲಾರಿ. 1954ರಲ್ಲಿ ಟಾಟಾದ ಟೆಲ್ಕೊ ಕಂಪನಿ ಡೈಮ್ಲರ್-ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟೋಕೆ ಶುರು ಮಾಡಿತು. 1969ರವರೆಗೂ ಆ ಲಾರಿಗಳ ಮೂತಿ ಮೇಲೆ ಮೂರು ಮೊನೆಯ ನಕ್ಷತ್ರ ಇತ್ತು. ಘಾಟಿ ಹತ್ತೋ ಲಾರಿಯಿಂದ ಬಂದ ಗೌರವ ಅದು. ಶ್ರೀಮಂತರ ಕಾರು ಅನ್ನೋ ಗೌರವ ಆಮೇಲೆ ಸೇರಿಕೊಂಡಿತು.

ಗಟ್ಟಿತನದ ಹೆಸರು ಪೂರ್ತಿ ನಿಂತಿರೋದು ಡಬ್ಲ್ಯು 123 ಮೇಲೆ (ಡಬ್ಲ್ಯು ಅಂದ್ರೆ ಒಂದೊಂದು ತಲೆಮಾರಿನ ಕಾರಿಗೆ ಬೆಂಝ್ ಕೊಡೋ ಚಾಸಿ ಸಂಖ್ಯೆ). 1976ರಿಂದ 1986ರ ನಡುವೆ ಸುಮಾರು 27 ಲಕ್ಷ ಕಾರು ತಯಾರಾದವು. ನಾಲ್ಕು ಸಿಲಿಂಡರಿನ ಓಎಂ 616, ಐದು ಸಿಲಿಂಡರಿನ ಓಎಂ 617 ಡೀಸೆಲ್ ಎಂಜಿನ್. ನಿಧಾನ, ಸದ್ದು, ಹೊಗೆ ಎಲ್ಲಾ ಇದೆ, ಆದರೆ ಎಂಜಿನ್ ಓಡೋಕೆ ಕಂಪ್ಯೂಟರ್ ಒಂದೂ ಬೇಡ. ಅದಕ್ಕೆ ಬೇಕಾದ್ದು ವಾಲ್ವ್ ಸಂದಿನ ಹೊಂದಾಣಿಕೆ: ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.10 ಮಿ.ಮೀ., ಎಕ್ಸಾಸ್ಟ್ 0.30 ಮಿ.ಮೀ. (ಟರ್ಬೊ ಇದ್ದರೆ 0.35). ಸುಮಾರು 24,000 ಕಿ.ಮೀ.ಗೆ ಒಮ್ಮೆ. ಇದನ್ನು ಬಿಟ್ಟವರ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಎಕ್ಸಾಸ್ಟ್ ಸಂದು ಕಿರಿದಾಗುತ್ತಾ ಹೋಗಿ ಕಂಪ್ರೆಷನ್ ಸೋರೋದೇ ಕಾರಣ, ಎಷ್ಟೋ ಸಲ ಜನ ಸುಮ್ಮನೆ ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಒಳಗೆ ಬಿಸಿ ಮಾಡೋ ಕಡ್ಡಿ) ಬದಲಾಯಿಸ್ತಾರೆ. ಇನ್ನೊಂದು: ಕೀ ತಿರುಗಿಸಿದರೂ ಎಂಜಿನ್ ನಿಲ್ಲದಿದ್ದರೆ ಕೀ ಸ್ವಿಚ್ ಹಿಂದಿನ ವ್ಯಾಕ್ಯೂಮ್ (ಗಾಳಿ ಹೀರಿ ಕೆಲಸ ಮಾಡಿಸೋ) ಪೈಪು, ಬಾಗಿಲ ಲಾಕಿನ ಪೈಪುಗಳು ಸೋರ್ತಿವೆಯಾ ನೋಡಿ. ಇದರಲ್ಲಿ ಎಂಜಿನ್ ಆರಿಸೋದೂ ವ್ಯಾಕ್ಯೂಮ್, ಬಾಗಿಲು ಬೀಗ ಹಾಕೋದೂ ವ್ಯಾಕ್ಯೂಮ್.

ಮುಂದಿನದನ್ನು ಬಲ್ಲವರು ಬರೀಲಿ. ಈ ಹೆಸರು ಕೆಟ್ಟಿದ್ದು ಯಾವಾಗ, ಯಾಕೆ?

ಪೇಡಾನಗರಿ

ನೋಡ್ರಿ, ಇದಕ್ಕ ಇಷ್ಟುದ್ದ ಚರ್ಚೆ ಯಾಕ ಬೇಕು? ಎಲೆಕ್ಟ್ರಾನಿಕ್ಸ್ ಬಂತು, ಬೆಂಝ್ ಕೆಟ್ಟಿತು. ಮುಗೀತು. ಗ್ರೀಸ್ ದೇಶದ ಟ್ಯಾಕ್ಸಿ ಒಂದು 46 ಲಕ್ಷ ಕಿ.ಮೀ. ಓಡಿ ಸ್ಟಟ್‌ಗಾರ್ಟ್ ಮ್ಯೂಸಿಯಮ್‌ದಾಗ ಕುಂತೈತಿ. 1976ರ 240 ಡಿ ಅದು. ಈಗಿನ ಗಾಡಿ ಹಂಗ ಓಡ್ತಾವೇನ್ರಿ?

ನೆಕಾರ್‌ದಂಡೆ

ಪೇಡಾನಗರಿಯವರೇ, ಆ ಟ್ಯಾಕ್ಸಿ ನಿಜ, ಆದರೆ ಎಂಜಿನ್ ಬದಲಾಯಿಸುತ್ತಾ ಬದಲಾಯಿಸುತ್ತಾ ಓಡಿದ್ದು. ಅದು ಹೇಳೋದು ಎಂಜಿನ್ ಸಾಯಲ್ಲ ಅಂತಲ್ಲ, ಬಾಡಿ ಬಾಳುತ್ತೆ, ಬಿಚ್ಚಿ ಜೋಡಿಸೋದು ಸುಲಭ, ಬಿಡಿಭಾಗ ಸಿಗುತ್ತೆ ಅಂತ.

ಎಲೆಕ್ಟ್ರಾನಿಕ್ಸ್ ಮೇಲೆ ತಪ್ಪು ಹೊರಿಸೋದನ್ನು ಮಾತ್ರ ನಾನು ಒಪ್ಪಲ್ಲ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯೋದು) ಬಂದಿದ್ದು 1978ರಲ್ಲಿ, ಡಬ್ಲ್ಯು 116 ಎಸ್-ಕ್ಲಾಸ್‌ನಲ್ಲಿ. ಡ್ರೈವರಿನ ಏರ್‌ಬ್ಯಾಗ್ 1981ರ ಹೊತ್ತಿಗೆ ಡಬ್ಲ್ಯು 126ರಲ್ಲಿ. ಎರಡೂ ಎಲೆಕ್ಟ್ರಾನಿಕ್ಸೇ. ಆ ಕಾರುಗಳನ್ನು ಇವತ್ತಿಗೂ ಯಾರೂ ಬೈಯಲ್ಲ. ಹೆಸರು ಕೆಡಿಸಿದ ಸಾಮಾನಿನ ಪಟ್ಟಿ ತೆಗೆದರೆ ಮೇಲೆ ಬರೋದು ವೈರಿನ ಹೊದಿಕೆ, ಬಾಡಿಯ ಬಣ್ಣ, ಸ್ಪ್ರಿಂಗ್ ಕೂರೋ ಬಟ್ಟಲು, ರೇಡಿಯೇಟರ್, ಎಂಜಿನ್ ಒಳಗಿನ ಹಲ್ಲಿನ ಚಕ್ರವೊಂದು. ಇದರಲ್ಲಿ ಚಿಪ್ ಎಲ್ಲಿದೆ ಹೇಳಿ.

ಬದಲಾದದ್ದು ಲೆಕ್ಕ ಹಾಕೋ ರೀತಿ. ಮೊದಲು ಎಂಜಿನಿಯರುಗಳು ಕಾರು ಮಾಡ್ತಿದ್ದರು, ಖರ್ಚು ಎಷ್ಟಾಯ್ತೋ ಅದರ ಮೇಲೆ ಬೆಲೆ ಇಡ್ತಿದ್ದರು. 1989ರಲ್ಲಿ ಟೊಯೊಟಾ ಲೆಕ್ಸಸ್ ಎಲ್‌ಎಸ್ 400 ತಂದು ಅಮೆರಿಕದಲ್ಲಿ ಸುಮಾರು 35,000 ಡಾಲರಿಗೆ ಮಾರಿತು. ನಿಶ್ಶಬ್ದ, ನಯ, ಎಸ್-ಕ್ಲಾಸ್‌ಗಿಂತ ತುಂಬಾ ಅಗ್ಗ. ಬೆಂಝ್ 1991ರಲ್ಲಿ ಡಬ್ಲ್ಯು 140 ತಂದಾಗ ಅದಕ್ಕೆ ಎರಡು ಪದರದ ಗಾಜು, ಎರಡು ಟನ್ ಹತ್ತಿರದ ತೂಕ, ಕೈಗೆಟುಕದ ಬೆಲೆ. ಜರ್ಮನಿಯಲ್ಲೇ "ಇಷ್ಟು ದೊಡ್ಡದು ಯಾಕೆ" ಅಂತ ಟೀಕೆ ಬಂತು. ಅಲ್ಲಿಂದ ಲೆಕ್ಕ ತಲೆಕೆಳಗಾಯಿತು. ಮಾರುಕಟ್ಟೆ ಎಷ್ಟು ಕೊಡುತ್ತೆ ಅಂತ ಮೊದಲು ತೀರ್ಮಾನ, ಅದರೊಳಗೆ ಕಾರು ಕೂರಿಸೋದು ಆಮೇಲೆ. ಬಿಡಿಭಾಗ ಪೂರೈಸೋರ ಕತ್ತು ಹಿಚುಕಿದರು, ಹೊಸ ಮಾದರಿ ರೂಪಿಸೋ ಅವಧಿ ಕಡಿಮೆ ಮಾಡಿದರು, ಒಂದೇ ಸಲ ಎ-ಕ್ಲಾಸ್, ಎಂ-ಕ್ಲಾಸ್, ಎಸ್‌ಎಲ್‌ಕೆ ಅಂತ ಹರಡಿಕೊಂಡರು. 1998ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಜೊತೆ ವಿಲೀನ ಆದದ್ದಕ್ಕೇ ಎಲ್ಲಾ ಕೆಟ್ಟಿತು ಅಂತಾರೆ. ಆದರೆ ತುಕ್ಕು ಹಿಡಿಯೋ ಇ-ಕ್ಲಾಸ್ ಡಬ್ಲ್ಯು 210 ಬಂದಿದ್ದು 1995ರಲ್ಲಿ. ವಿಲೀನ ಆಗೋ ಮೂರು ವರ್ಷ ಮೊದಲೇ.

ಸ್ಪ್ಯಾನರ್17

ನೆಕಾರ್‌ದಂಡೆಯವರು ವೈರಿನ ಹೊದಿಕೆ ಅಂದದ್ದನ್ನು ಬಿಡಿಸಿ ಹೇಳ್ತೀನಿ. ಡಬ್ಲ್ಯು 123ರ ಜಾಗಕ್ಕೆ ಬಂದ ಡಬ್ಲ್ಯು 124 (1984ರಿಂದ 1995) ಬಹುಪಾಲು ಡಬ್ಲ್ಯು 123ರಷ್ಟೇ ಗಟ್ಟಿ. ಆದರೆ ಸುಮಾರು 1992–95ರ ಪೆಟ್ರೋಲ್ ಗಾಡಿಗಳಲ್ಲಿ, ಎಂ 104 ಮತ್ತು ಎಂ 111 ಎಂಜಿನ್ ಇದ್ದವುಗಳಲ್ಲಿ, ಎಂಜಿನ್ ವೈರಿಂಗ್‌ಗೆ ಮಣ್ಣಲ್ಲಿ ಕರಗಬಲ್ಲ ಹೊಸ ಬಗೆಯ ಹೊದಿಕೆ ಹಾಕಿದರು. ಎಂಜಿನ್ ಶಾಖಕ್ಕೆ ಅದು ಹಪ್ಪಳದ ಹಾಗೆ ಒಣಗಿ ಉದುರುತ್ತೆ. ಬರೀ ತಾಮ್ರಕ್ಕೆ ತಾಮ್ರ ತಗುಲಿ ಶಾರ್ಟ್.

ಲಕ್ಷಣ: ಐಡಲ್ (ಗಾಡಿ ನಿಂತಾಗ ಎಂಜಿನ್ ತಿರುಗೋ ವೇಗ) ಏರಿಳಿಯುತ್ತೆ, ಒಂದು ಸಿಲಿಂಡರ್ ಆಗಾಗ ಮಿಸ್ ಹೊಡೆಯುತ್ತೆ, ಮಳೆಗಾಲದಲ್ಲಿ ಜಾಸ್ತಿ. ಮೆಕ್ಯಾನಿಕ್ ಪ್ಲಗ್, ಕಾಯಿಲ್, ಏರ್ ಮಾಸ್ ಸೆನ್ಸರ್ ಒಂದೊಂದಾಗಿ ಬದಲಾಯಿಸಿ ಬಿಲ್ ಬೆಳೆಸ್ತಾನೆ. ಕೊನೆಗೆ ಶಾರ್ಟ್ ಆಗಿ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಸುಟ್ಟು ಹೋಗುತ್ತೆ. ಹೊಸ ಇಸಿಯು ಹಾಕಿ ಹಳೇ ವೈರಿಂಗ್ ಬಿಟ್ಟರೆ ಅದೂ ಸುಡುತ್ತೆ.

ಪರೀಕ್ಷೆ ಮಾಡೋದು ಹೀಗೆ. ಬ್ಯಾಟರಿಯ ನೆಗೆಟಿವ್ ತೆಗೀರಿ. ಎಂಜಿನ್ ಮೇಲಿನ ಮುಚ್ಚಳ ತೆಗೆದು ಇಂಜೆಕ್ಟರ್ ಪ್ಲಗ್ಗಿನ ಹತ್ತಿರ, ಕೂಲಂಟ್ ಸೆನ್ಸರ್ ಹತ್ತಿರ ಹೊರಕವಚವನ್ನು ಸ್ವಲ್ಪ ಹಿಂದೆ ಸರಿಸಿ ಒಳಗಿನ ವೈರನ್ನು ಮೆಲ್ಲಗೆ ಬಾಗಿಸಿ. ಬಿರುಕು ಬಿಟ್ಟರೆ ತೀರ್ಮಾನ ಆಯ್ತು. ಜೋರಾಗಿ ಬಾಗಿಸಬೇಡಿ, ಅಲ್ಲೀವರೆಗೆ ಓಡ್ತಿದ್ದ ಗಾಡಿ ಅಲ್ಲೇ ನಿಲ್ಲುತ್ತೆ. ಹಾರ್ನೆಸ್ (ವೈರುಗಳ ಇಡೀ ಕಟ್ಟು) ಮೇಲೆ ತಯಾರಾದ ದಿನಾಂಕದ ಚೀಟಿ ಇರುತ್ತೆ: 1996ರ ನಂತರದ್ದಿದ್ದರೆ ಯಾರೋ ಬದಲಾಯಿಸಿದ್ದಾರೆ ಅಂತ ಅರ್ಥ. ಎಂ 104ರಲ್ಲಿ ಥ್ರಾಟಲ್ ಆಕ್ಚುಯೇಟರ್ (ಎಂಜಿನ್ನಿಗೆ ಗಾಳಿ ಬಿಡೋ ಬಾಗಿಲನ್ನು ತಿರುಗಿಸೋ ಮೋಟರ್) ಒಳಗೂ ಇದೇ ವೈರು. ಅದನ್ನು ಬಿಟ್ಟು ಬರೀ ಹಾರ್ನೆಸ್ ಹಾಕಿದರೆ ಅರ್ಧ ಕೆಲಸ. ಟೇಪ್ ಸುತ್ತೋದು ಪರಿಹಾರ ಅಲ್ಲ, ಒಳಗೆ ಮತ್ತೆಲ್ಲೋ ಉದುರಿರುತ್ತೆ.

1995ರಲ್ಲಿ ಪುಣೆಯಲ್ಲಿ ಜೋಡಿಸಿದ ನಮ್ಮ ದೇಶದ ಮೊದಲ ಬೆಂಝ್ ಕಾರುಗಳೂ ಡಬ್ಲ್ಯು 124ಗಳೇ. ಆ ಇ 220 ಪೆಟ್ರೋಲ್ ಸಿಕ್ಕರೆ ಈ ಪರೀಕ್ಷೆ ಮಾಡದೆ ಮುಂಗಡ ಕೊಡಬೇಡಿ. (ಇಲಿ ಕಡಿದ ವೈರು ಬೇರೆ, ಇದು ಬೇರೆ. ಇಲಿ ಯಾವ ಬ್ರಾಂಡನ್ನೂ ಬಿಡಲ್ಲ.)

ಕಡಲತುಕ್ಕು

ತುಕ್ಕಿನ ವಿಷಯ ನನಗಿರಲಿ. ಮಂಗಳೂರು, ಉಡುಪಿ ಕಡೆ ಸಮುದ್ರದ ಗಾಳಿಗೆ ಉಪ್ಪು, ನಾಲ್ಕು ತಿಂಗಳು ಮಳೆ. ಇಲ್ಲಿ ನಿಂತಿದ್ದ ಡಬ್ಲ್ಯು 210 ಮತ್ತು ಡಬ್ಲ್ಯು 202 (ಅದೇ ಕಾಲದ ಸಿ-ಕ್ಲಾಸ್) ಕೊಳ್ಳುವವರು ಎಂಜಿನ್ ಆಮೇಲೆ ನೋಡಿ, ಮೊದಲು ಚಕ್ರ ಬಿಚ್ಚಿ.

ಡಬ್ಲ್ಯು 210ರ ನಿಜವಾದ ಅಪಾಯ ಬಾಗಿಲ ಅಂಚಿನ ಗುಳ್ಳೆ ಅಲ್ಲ. ಮುಂದಿನ ಸ್ಪ್ರಿಂಗಿನ ಮೇಲ್ತುದಿ ಕೂರುವ ಲೋಹದ ಬಟ್ಟಲನ್ನು ಒಳಗೋಡೆಗೆ ಸ್ಪಾಟ್ ವೆಲ್ಡ್ ಮಾಡಿ ಸುತ್ತ ಸೀಲರ್ ಬಳಿದಿದ್ದಾರೆ. ಸೀಲರ್ ಬಿರುಕು ಬಿಟ್ಟಲ್ಲಿ ನೀರು ಸೇರಿ ಎರಡು ತಗಡಿನ ಮಧ್ಯೆ ನಿಲ್ಲುತ್ತದೆ. ಹೊರಗೆ ಸೀಲರ್ ಚೆನ್ನಾಗಿಯೇ ಕಾಣುತ್ತದೆ, ಒಳಗೆ ವೆಲ್ಡಿಂಗ್ ಕರಗಿರುತ್ತದೆ. ಒಂದು ದಿನ ಹಂಪ್ ಹಾರಿಸಿದಾಗ ಬಟ್ಟಲು ಕಿತ್ತು ಬಂದು ಆ ಮೂಲೆ ಕುಸಿಯುತ್ತದೆ. ವೇಗದಲ್ಲಿ ಆದರೆ ಗತಿ ಏನು?

ಪರೀಕ್ಷೆ: ಚಕ್ರ ತೆಗೆದು ಟಾರ್ಚ್ ಹಿಡಿದು ಬಟ್ಟಲಿನ ಅಂಚಿನ ಸೀಲರನ್ನು ಮೊಂಡು ಸ್ಕ್ರೂಡ್ರೈವರಿನಿಂದ ಒತ್ತಿ. ಉಬ್ಬಿದ್ದರೆ, ಒಳಗೆ ಹೋದರೆ, ಕಂದು ನೀರು ಬಂದರೆ ಕೆಲಸ ಇದೆ. ದುರಸ್ತಿಗೆ ಸ್ಪ್ರಿಂಗ್ ತೆಗೆಯಲೇಬೇಕು. ಸ್ಪ್ರಿಂಗಿನ ಒಳಗೆ ತೂರುವ ಕಂಪ್ರೆಸರ್ ಬಳಸಿ, ಹೊರಗಿನ ಕೊಕ್ಕೆಯ ಕಂಪ್ರೆಸರ್ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಜಾರಿದರೆ ಜೀವಕ್ಕೆ ಅಪಾಯ. ಹಳೇ ಸ್ಪಾಟ್‌ಗಳನ್ನು ಕೊರೆದು ಬಟ್ಟಲು ತೆಗೆದು, ಹಿಂದಿನ ಗೋಡೆ ಗಟ್ಟಿ ಲೋಹ ಸಿಗುವವರೆಗೆ ಉಜ್ಜಿ, ಹೊಸ ಬಟ್ಟಲನ್ನು ಸುತ್ತಲೂ ಮಿಗ್ ವೆಲ್ಡಿಂಗ್ ಮಾಡಬೇಕು. ಮೇಲೆ ಸತುವಿನ ಪ್ರೈಮರ್, ಸೀಲರ್, ಕೊನೆಗೆ ವ್ಯಾಕ್ಸ್. ಒಂದು ಬದಿ ಹೋಗಿದ್ದರೆ ಇನ್ನೊಂದು ಬದಿಯನ್ನೂ ಅದೇ ದಿನ ಮಾಡಿಸಿ. ಟಿಂಕರಿಂಗ್‌ನವರು ಪುಟ್ಟಿ ಮೆತ್ತಿ ಕಪ್ಪು ಬಣ್ಣ ಹೊಡೆದು ಕೊಡುತ್ತಾರೆ, ಅದನ್ನು ಮಾತ್ರ ಒಪ್ಪಬೇಡಿ.

ಡಬ್ಲ್ಯು 124ರಲ್ಲೂ ತುಕ್ಕು ಇದೆ, ಆದರೆ ಜಾಕ್ ಇಡುವ ಜಾಗ, ಮುಂದಿನ ಮಡ್‌ಗಾರ್ಡ್, ಬದಿಯ ಪ್ಲಾಸ್ಟಿಕ್ ಪಟ್ಟಿಯ ಹಿಂದೆ. ಅಷ್ಟು ಮಾರಕ ಅಲ್ಲ.

ಪೇಡಾನಗರಿ

ಆತ್ರಿ, ವೈರು, ತುಕ್ಕು ಒಪ್ಪಿದೆ. ಹಂಗಾರ ಡಬ್ಲ್ಯು 210 ಆದಮ್ಯಾಗ ಬಂದ ಇ-ಕ್ಲಾಸ್ ಡಬ್ಲ್ಯು 211ರ ಬ್ರೇಕ್? ಅದೂ ಎಲೆಕ್ಟ್ರಾನಿಕ್ಸ್ ಅಲ್ಲ ಅಂತೀರೇನು?

ಸ್ಪ್ಯಾನರ್17

ಅಲ್ಲಿ ನಿಮ್ಮ ಮಾತು ನಡೆಯುತ್ತೆ. ಎಸ್‌ಬಿಸಿ ಅಂತ ಅದರ ಹೆಸರು. ಪೆಡಲ್ ಒತ್ತಿದರೆ ಕಾಲಿನ ಬಲ ನೇರ ಚಕ್ರಕ್ಕೆ ಹೋಗಲ್ಲ, ಸೆನ್ಸರ್ ಓದುತ್ತೆ, ಪಂಪು ಮೊದಲೇ ಒತ್ತಡ ತುಂಬಿಟ್ಟಿರೋ ದ್ರವವನ್ನು ಕಂಪ್ಯೂಟರ್ ನಾಲ್ಕು ಚಕ್ರಕ್ಕೂ ಹಂಚುತ್ತೆ. ಕೆಟ್ಟರೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ಕಾಲಿನ ಬಲ ಮುಟ್ಟುತ್ತೆ, ಪೆಡಲ್ ಆಳಕ್ಕೆ ಇಳಿಯುತ್ತೆ. 2004ರ ಮೇ ತಿಂಗಳಲ್ಲಿ 6.8 ಲಕ್ಷ ಕಾರು ವಾಪಸ್ ಕರೆದರು. 2005ರ ಮಾರ್ಚಿನಲ್ಲಿ 13 ಲಕ್ಷ ಕಾರು, ಅದರಲ್ಲಿ ಆಲ್ಟರ್ನೇಟರಿನ ವೋಲ್ಟೇಜ್ ರೆಗ್ಯುಲೇಟರ್, ಬ್ಯಾಟರಿ ನಿಯಂತ್ರಣದ ಸಾಫ್ಟ್‌ವೇರ್ ಕೂಡ ಸೇರಿತ್ತು. 2006ರ ಫೇಸ್‌ಲಿಫ್ಟ್‌ನಲ್ಲಿ (ಅದೇ ಮಾದರಿಯನ್ನು ನಡುವೆ ತಿದ್ದಿ ತಂದಾಗ) ಇ-ಕ್ಲಾಸ್‌ನಿಂದ ಎಸ್‌ಬಿಸಿ ತೆಗೆದು ಮಾಮೂಲಿ ಬ್ರೇಕ್ ಹಾಕಿದರು. ಕಂಪನಿಯೇ ಸೋಲೊಪ್ಪಿದ ಹಾಗೆ.

ಮುಖ್ಯ ಎಚ್ಚರಿಕೆ: ಎಸ್‌ಬಿಸಿ ಇರೋ ಗಾಡಿಯಲ್ಲಿ ಬ್ರೇಕ್ ಪ್ಯಾಡ್ ಬದಲಾಯಿಸೋ ಮುಂಚೆ ಡಯಾಗ್ನಾಸ್ಟಿಕ್ ಯಂತ್ರದಿಂದ ವ್ಯವಸ್ಥೆಯನ್ನು ನಿಷ್ಕ್ರಿಯ ಮಾಡಲೇಬೇಕು. ಬಾಗಿಲು ತೆಗೆದರೆ ಸಾಕು, ಪಂಪು ಎದ್ದು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಅದುಮೋ ಹಿಡಿ) ಒತ್ತುತ್ತೆ. ಬೆರಳು ಮಧ್ಯೆ ಇದ್ದರೆ ಮುರಿಯುತ್ತೆ. ರಸ್ತೆ ಬದಿ ಗ್ಯಾರೇಜಿನ ಹುಡುಗರಿಗೆ ಇದನ್ನು ಹೇಳೋರೇ ಇಲ್ಲ.

ಪಂಪು ಎಷ್ಟು ಸಲ ಬ್ರೇಕ್ ಹಾಕಿದರು ಅಂತ ಎಣಿಸುತ್ತೆ. ಎಣಿಕೆ ಮಿತಿ ದಾಟಿದರೆ ಕೆಂಪು ಸಂದೇಶ ಬರುತ್ತೆ. ಕೆಲವರು ಎಣಿಕೆಯನ್ನು ಅಳಿಸಿ ಶೂನ್ಯ ಮಾಡಿ ಕೊಡ್ತಾರೆ. ಸಂದೇಶ ಹೋಗುತ್ತೆ, ಸವೆದ ಪಂಪು ಸವೆದೇ ಇರುತ್ತೆ. ಬ್ರೇಕ್ ವಿಷಯದಲ್ಲಿ ಆ ಉಳಿತಾಯ ಬೇಡ.

ಗಿಯರ್‌ಗುರು

ಎಲ್ಲರೂ ಬಾಡಿ, ಬ್ರೇಕ್ ಅಂತಿದ್ದೀರಿ. ಬೆಂಝ್ ಹೆಸರನ್ನು ಸದ್ದಿಲ್ಲದೆ ಕೆಡಿಸಿದ್ದು "ಜೀವಮಾನಕ್ಕೆ ಒಂದೇ ಎಣ್ಣೆ" ಅನ್ನೋ ಮಾತು. 1996ರ ಹೊತ್ತಿಗೆ ಬಂದ 722.6 ಐದು ಗಿಯರಿನ ಆಟೊಮ್ಯಾಟಿಕ್ ನಿಜಕ್ಕೂ ಗಟ್ಟಿ ಗೇರ್‌ಬಾಕ್ಸ್. ಆದರೆ ಡಿಪ್‌ಸ್ಟಿಕ್ ಕೊಡಲಿಲ್ಲ, ಬರೀ ಕೊಳವೆ, ಮೇಲೆ ಲಾಕ್ ಆಗೋ ಮುಚ್ಚಳ. ಅಳತೆ ಕಡ್ಡಿ ವರ್ಕ್‌ಶಾಪಿನಲ್ಲಿ ಮಾತ್ರ. ಜನ ಎಣ್ಣೆ ಬದಲಾಯಿಸೋದನ್ನೇ ಬಿಟ್ಟರು.

60,000 ಕಿ.ಮೀ.ಗೆ ಒಮ್ಮೆ ಎಣ್ಣೆ, ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್ ಮೂರನ್ನೂ ಬದಲಾಯಿಸಿ. ಎಣ್ಣೆ ಬೆಂಝ್‌ನ 236.14 ನಮೂನೆಯದು. ಪ್ಯಾನ್ ಮಾತ್ರ ಇಳಿಸಿದರೆ 4ರಿಂದ 5 ಲೀಟರ್, ಟಾರ್ಕ್ ಕನ್ವರ್ಟರಿಗೆ (ಎಂಜಿನ್ ಬಲವನ್ನು ಎಣ್ಣೆ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಡ್ರೇನ್ ಪ್ಲಗ್ ಇದ್ದು ಅದನ್ನೂ ತೆಗೆದರೆ 8 ಲೀಟರ್ ಹತ್ತಿರ. ಹಳೇದು ಎಷ್ಟು ಬಂತು ಅಂತ ಅಳೆದು ಅಷ್ಟೇ ಹಾಕಿ, ಆಮೇಲೆ ಎಣ್ಣೆ 80 ಡಿಗ್ರಿ ಇರುವಾಗ, ಎಂಜಿನ್ ಓಡ್ತಿರುವಾಗ, ಪಾರ್ಕ್‌ನಲ್ಲಿ ಮಟ್ಟ ನೋಡಿ. ತಣ್ಣಗಿದ್ದಾಗ 80ರ ಗೆರೆಗೆ ತುಂಬಿದರೆ ಬಿಸಿಯಾದ ಮೇಲೆ ಹೆಚ್ಚಾಗಿ ನೊರೆ ಕಟ್ಟುತ್ತೆ. ಪ್ಯಾನ್ ಬೋಲ್ಟಿಗೆ 8 ನ್ಯೂಟನ್ ಮೀಟರ್ ಸಾಕು.

ಇದ್ದಕ್ಕಿದ್ದಂತೆ ಎರಡನೇ ಗಿಯರಿನಲ್ಲೇ ನಿಂತು ಮುಂದಕ್ಕೆ ಬದಲಾಗದಿದ್ದರೆ ಗೇರ್‌ಬಾಕ್ಸ್ ಹೋಯ್ತು ಅಂತ ಬಿಚ್ಚಿಸಬೇಡಿ. ಬಹಳ ಸಲ ಒಳಗಿನ ಕಂಡಕ್ಟರ್ ಪ್ಲೇಟಿನ (ಸೆನ್ಸರ್, ವಿದ್ಯುತ್ ಸಂಪರ್ಕ ಇರೋ ಹಲಗೆ) ವೇಗದ ಸೆನ್ಸರ್ ಕಾರಣ, ಪ್ಯಾನ್ ಮತ್ತು ವಾಲ್ವ್ ಬಾಡಿ ಇಳಿಸಿದರೆ ಸಿಗುತ್ತೆ. ಅದಕ್ಕೂ ಮುಂಚೆ ಗೇರ್‌ಬಾಕ್ಸಿನ ಬಲಬದಿಯ 13 ಪಿನ್ನಿನ ಪ್ಲಗ್ ನೋಡಿ. ಅದರ ಎರಡು ಓ-ರಿಂಗ್ ಗಟ್ಟಿಯಾಗಿ ಎಣ್ಣೆ ಒಸರುತ್ತೆ, ವೈರಿನ ಒಳಗೇ ಹತ್ತಿಕೊಂಡು ಹೋಗಿ ಗೇರ್‌ಬಾಕ್ಸ್ ನಡೆಸೋ ಕಂಪ್ಯೂಟರನ್ನು, ಅಂದ್ರೆ ನಿಯಂತ್ರಕವನ್ನು, ಮುಳುಗಿಸುತ್ತೆ. ಪ್ಲಗ್ಗಿನ ದರ ಅಲ್ಪ, ನಿಯಂತ್ರಕದ್ದು ಅಲ್ಲ. ನಿಯಂತ್ರಕದ ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಇದೆಯಾ ಅಂತ ಮೊದಲು ಬೆರಳಿಟ್ಟು ನೋಡಿ.

ಪೆಟ್ರೋಲ್‌ವಿ6

ಎಂ 272 ಎಂಜಿನ್ ಸೇರಿಸಿ. 2004ರಿಂದ ಬಂದ ವಿ6, ಸಿ 280, ಇ 350, ಎಂಎಲ್ 350 ಎಲ್ಲದರಲ್ಲೂ ಇದೆ. ಬ್ಯಾಲೆನ್ಸ್ ಶಾಫ್ಟಿನ (ಎಂಜಿನ್ ನಡುಕ ತಗ್ಗಿಸೋ ದಂಡ) ಹಲ್ಲಿನ ಚಕ್ರದ ಲೋಹ ಮೆದು, ಚೈನ್ ಅದನ್ನು ತಿಂದುಬಿಡುತ್ತೆ, ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆಯೋ ಮುಚ್ಚೋ ಸಮಯ) ಹಿಂದೆ ಬೀಳುತ್ತೆ. ಎಂಜಿನ್ ಸಂಖ್ಯೆಯಲ್ಲಿ 30ರ ನಂತರದ ಆರು ಅಂಕಿ 468993ಕ್ಕಿಂತ ಕಡಿಮೆ ಇದ್ದರೆ ಅನುಮಾನದ ಪಟ್ಟಿ. ಚಕ್ರ ಅಗ್ಗ, ಆದರೆ ಅದನ್ನು ತಲುಪೋಕೆ ಎಂಜಿನ್ ಇಳಿಸಬೇಕು.

ಬಿಚ್ಚದೆ ನೋಡೋ ದಾರಿ ಇದೆ: ಕ್ರ್ಯಾಂಕ್ ಪುಲ್ಲಿಯನ್ನು 305 ಡಿಗ್ರಿ ಗುರುತಿಗೆ ತಂದು, ಕ್ಯಾಮ್ ಸೆನ್ಸರುಗಳನ್ನು ತೆಗೆದು ರಂಧ್ರದಲ್ಲಿ ನೋಡಿ. ಒಳಗಿನ ಚಕ್ರದ ಗುರುತು ರಂಧ್ರದ ನಡುವೆ ಇರಬೇಕು. ಪಕ್ಕಕ್ಕೆ ಸರಿದಿದ್ದರೆ ಹಲ್ಲು ಸವೆದಿದೆ ಅಥವಾ ಚೈನ್ ಹಿಗ್ಗಿದೆ.

ಹಳೇಡೀಸೆಲ್

ವಿ6 ಡೀಸೆಲ್ ಓಎಂ 642 ಬಗ್ಗೆ ಎರಡು ಸಾಲು. ಎಂಜಿನ್ ಹಿಂಭಾಗದಿಂದ, ಗೇರ್‌ಬಾಕ್ಸ್ ಸೇರೋ ಕಡೆ ಎಣ್ಣೆ ತೊಟ್ಟಿಕ್ಕಿದರೆ "ರಿಯರ್ ಮೇನ್ ಸೀಲ್" ಅಂತ ಗೇರ್‌ಬಾಕ್ಸ್ ಇಳಿಸೋಕೆ ಹೊರಡ್ತಾರೆ. ಹೆಚ್ಚಿನ ಸಲ ಅದು ಎರಡು ಸಾಲು ಸಿಲಿಂಡರಿನ ನಡುವಿನ ಕಣಿವೆಯಲ್ಲಿರೋ ಆಯಿಲ್ ಕೂಲರಿನ ಸೀಲು. ಹಳೇ ಕಿತ್ತಳೆ ಬಣ್ಣದ ಸೀಲು ಶಾಖಕ್ಕೆ ಗಟ್ಟಿಯಾಗುತ್ತೆ, ಈಗ ಬರೋ ನೇರಳೆ ಬಣ್ಣದ್ದು ತಡೆಯುತ್ತೆ. ಸೀಲಿನ ಬೆಲೆ ಏನೂ ಅಲ್ಲ, ಟರ್ಬೊ, ಮ್ಯಾನಿಫೋಲ್ಡ್ ಎಲ್ಲಾ ತೆಗೆಯೋ ಕೂಲಿ ಜಾಸ್ತಿ. ತೆಗೆದಾಗ ಟರ್ಬೊ ಬಾಯಿಯ ಸೀಲೂ ಬದಲಾಯಿಸಿ, ಅಲ್ಲಿಂದ ಎಣ್ಣೆ ಸೋರಿ ಕೆಳಗಿನ ಸ್ವರ್ಲ್ ಮೋಟರ್ (ಒಳಹೋಗೋ ಗಾಳಿಯ ಮುಚ್ಚಳ ತಿರುಗಿಸೋದು) ಸುಡುತ್ತೆ.

ಕ್ರಿಸ್ಟಲ್‌ಗ್ಲಾಸ್

ಎಲ್ಲರೂ ನಟ್ಟು ಬೋಲ್ಟಿನ ಮರ್ಯಾದೆ ಬಗ್ಗೆ ಮಾತ್ರ ಮಾತಾಡ್ತಿದ್ದೀರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೈಮ್ಲರ್-ಬೆಂಝ್ ಕಾರ್ಖಾನೆಗಳಲ್ಲಿ ಬಲವಂತದ ದುಡಿಮೆ ನಡೆಯಿತು, 1988ರಲ್ಲಿ ಕಂಪನಿ 2 ಕೋಟಿ ಮಾರ್ಕ್ ಪರಿಹಾರ ಕೊಟ್ಟಿತು. 2020ರಲ್ಲಿ ಡೀಸೆಲ್ ಹೊಗೆಯ ಪರೀಕ್ಷೆಯನ್ನು ಸಾಫ್ಟ್‌ವೇರಿನಿಂದ ಏಮಾರಿಸಿದ ಆರೋಪದ ಪ್ರಕರಣದಲ್ಲಿ ಅಮೆರಿಕ ಸರ್ಕಾರದ ಜೊತೆ ಸುಮಾರು 150 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು, ಮಾಲೀಕರ ಮೊಕದ್ದಮೆಗೆ ಮತ್ತೆ 70 ಕೋಟಿ. ಬ್ರಾಂಡಿನ ಹೆಸರು ಅಂದಮೇಲೆ ಇವೂ ಲೆಕ್ಕಕ್ಕೆ ಬರಬೇಕಲ್ವಾ?

ನೆಕಾರ್‌ದಂಡೆ

ಖಂಡಿತ ಬರಬೇಕು. ಆದರೂ ಗಮನಿಸಿ, ಜರ್ಮನಿಯಲ್ಲಿ ಟ್ಯಾಕ್ಸಿಯವರು ಬೆಂಝ್ ಮೇಲೆ ಸಿಟ್ಟಾದದ್ದು ತುಕ್ಕು ಮತ್ತು ಬ್ರೇಕಿಗೆ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಎ-ಕ್ಲಾಸ್ ಮಗುಚಿದ್ದು ದೊಡ್ಡ ಅವಮಾನ. ಆದರೆ ಅಲ್ಲಿ ಕಂಪನಿ ಮಾರಾಟ ನಿಲ್ಲಿಸಿ, ಸಸ್ಪೆನ್ಷನ್ ತಿದ್ದಿ, ಪ್ರತಿ ಎ-ಕ್ಲಾಸಿಗೂ ಇಎಸ್‌ಪಿ (ಕಾರು ಅಡ್ಡ ಜಾರದ ಹಾಗೆ ತಾನೇ ಬ್ರೇಕ್ ಹಿಡಿಯೋ ವ್ಯವಸ್ಥೆ) ಹಾಕಿತು. ಸಣ್ಣ ಕಾರಿಗೆ ಇಎಸ್‌ಪಿ ಬೇಕು ಅಂತ ಉಳಿದವರಿಗೂ ಅನಿಸಿದ್ದು ಅಲ್ಲಿಂದ. ನನ್ನ ಮಟ್ಟಿಗೆ ಆ ಹತ್ತು ವರ್ಷದಲ್ಲಿ ಅವರು ಸರಿಯಾಗಿ ನಿಭಾಯಿಸಿದ್ದು ಅದೊಂದನ್ನೇ.

2007ರಲ್ಲಿ ಕ್ರೈಸ್ಲರನ್ನು ಕಳಚಿಕೊಂಡರು. ಸಿ-ಕ್ಲಾಸ್ ಡಬ್ಲ್ಯು 204 (2007), ಇ-ಕ್ಲಾಸ್ ಡಬ್ಲ್ಯು 212 (2009) ಬಾಡಿ ಮಟ್ಟಿಗೆ ಹಿಂದಿನವಕ್ಕಿಂತ ಎಷ್ಟೋ ವಾಸಿ. ಉಪ್ಪು ಚೆಲ್ಲೋ ದೇಶಗಳಲ್ಲಿ ಅವುಗಳ ಹಿಂಬದಿಯ ಸಬ್‌ಫ್ರೇಮ್ (ಹಿಂಚಕ್ರಗಳನ್ನು ಹೊರೋ ಚೌಕಟ್ಟು) ಒಳಗಿಂದ ತುಕ್ಕು ಹಿಡಿಯುತ್ತೆ, ನಮ್ಮ ಒಳನಾಡಿನಲ್ಲಿ ಆ ಕಾಟ ಕಡಿಮೆ. ಶುರುವಿನ ಓಎಂ 651 ಡೀಸೆಲ್‌ನ ಪೀಜೊ ಇಂಜೆಕ್ಟರ್ ಕೈಕೊಟ್ಟಾಗ ಕಂಪನಿ ಸೊಲೆನಾಯ್ಡ್ ಬಗೆಯದಕ್ಕೆ ಬದಲಾಯಿಸಿತು. ಈಗಿನ ಜಗಳ ಬೇರೆ: ವಿ8 ತೆಗೆದು ಸಿ 63 ಅನ್ನೋ ವೇಗದ ಸಿ-ಕ್ಲಾಸಿಗೆ ನಾಲ್ಕು ಸಿಲಿಂಡರ್ ಹಾಕಿದ್ದು, ಇಕ್ಯೂಎಸ್ ವಿದ್ಯುತ್ ಕಾರಿನ ಮರುಮಾರಾಟದ ಬೆಲೆ ಕುಸಿದದ್ದು, ಕಾರಲ್ಲಿ ಮೊದಲೇ ಇರೋ ಸೌಲಭ್ಯಕ್ಕೆ ವರ್ಷ ವರ್ಷ ಹಣ ಕೇಳೋದು. ಇದಕ್ಕೆ ಸ್ಪ್ಯಾನರಿನಲ್ಲಿ ಪರಿಹಾರ ಇಲ್ಲ.

ಹೊಸಬ_ಹಾಸನ

ಎಲ್ಲ ಓದಿದೆ, ಧನ್ಯವಾದ. 2005ರ ಇ 220 ಸಿಡಿಐ (ಡೀಸೆಲ್) ಒಂದು ಮಾರಾಟಕ್ಕಿದೆ, ಬೆಲೆ ಹೊಸ ಸ್ಕೂಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಏನೇನು ನೋಡಬೇಕು ಸರ್?

ಸ್ಪ್ಯಾನರ್17

2005 ಅಂದ್ರೆ ಡಬ್ಲ್ಯು 211, ಫೇಸ್‌ಲಿಫ್ಟಿಗೆ ಮುಂಚಿನದು, ಎಸ್‌ಬಿಸಿ ಇದೆ. ಆ ಬೆಲೆಗೆ ಕಾರಣವೂ ಅದೇ ಇರಬಹುದು. ಬೆಂಝ್ ಓದಬಲ್ಲ ಸ್ಕ್ಯಾನರ್ ಇರೋರನ್ನು ಕರ್ಕೊಂಡು ಹೋಗಿ, ಮೊದಲು ಎಸ್‌ಬಿಸಿ ಎಣಿಕೆ ಓದಿಸಿ. ಕಿ.ಮೀ. ಎರಡು ಲಕ್ಷ ಇದ್ದು ಎಣಿಕೆ ತೀರಾ ಕಡಿಮೆ ಇದ್ದರೆ, ಒಂದೋ ಪಂಪು ಹೊಸದು, ಇಲ್ಲ ಅಳಿಸಿದ್ದಾರೆ. ಪಂಪಿನ ಬಿಲ್ ಕೇಳಿ. ಓದೋಕೆ ಬಿಡಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಎಂಜಿನ್ ಮುಚ್ಚಳ ತೆಗೆಸಿ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು ಗಟ್ಟಿ ಪದಾರ್ಥ ಇದ್ದರೆ, ಸ್ಟಾರ್ಟ್ ಮಾಡಿದಾಗ ಚಫ್ ಚಫ್ ಸದ್ದು ಬಂದರೆ, ತಾಮ್ರದ ವಾಷರ್ ಸೋರ್ತಿದೆ. ಬೇಗ ಹಿಡಿದರೆ ವಾಷರ್ ಮತ್ತು ಹೊಸ ಬೋಲ್ಟ್ ಸಾಕು (ಹಳೇ ಬೋಲ್ಟ್ ಮತ್ತೆ ಹಾಕಬಾರದು, ಹಿಗ್ಗಿರುತ್ತೆ), ಕೂರೋ ಜಾಗ ಉಜ್ಜಿ ನುಣ್ಣಗೆ ಮಾಡಬೇಕು. ತಡ ಆಗಿದ್ದರೆ ಇಂಜೆಕ್ಟರ್ ಹೊರಗೆ ಬರೋದೇ ಇಲ್ಲ, ಹೆಡ್ ತನಕ ಕೆಲಸ ಹೋಗುತ್ತೆ.

ಗಿಯರ್‌ಗುರು

ಓಡಿಸಿ ನೋಡುವಾಗ 60–80 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಹಗುರ ಒತ್ತಿ. ಸಣ್ಣ ಸಣ್ಣ ಹಂಪಿನ ಸಾಲು ದಾಟಿದ ಹಾಗೆ ನಡುಗಿದರೆ, ರೇಡಿಯೇಟರಿನ ಒಳಗೆ ಬಿರುಕು ಬಿಟ್ಟು ಕೂಲಂಟ್ ಗೇರ್‌ಬಾಕ್ಸ್ ಎಣ್ಣೆಗೆ ಸೇರಿರಬಹುದು. ಆ ಕಾಲದ ಕೆಲವು ವಾಲಿಯೊ ರೇಡಿಯೇಟರುಗಳಲ್ಲಿ ಇದು ಗೊತ್ತಿರೋ ರೋಗ. ಎಣ್ಣೆ ಸ್ವಲ್ಪ ತೆಗೆದು ಗ್ಲೈಕಾಲ್ (ಕೂಲಂಟಿನಲ್ಲಿರೋ ರಾಸಾಯನಿಕ) ಪರೀಕ್ಷೆ ಮಾಡಿಸಿ. ಇದ್ದರೆ ರೇಡಿಯೇಟರ್, ಟಾರ್ಕ್ ಕನ್ವರ್ಟರ್, ಇಡೀ ಎಣ್ಣೆ ಮೂರೂ ಬದಲಾಗಬೇಕು. ರೇಡಿಯೇಟರ್ ಈಗಾಗಲೇ ಹೊಸದಾಗಿದ್ದರೆ ಬೆಹ್ರ್ ಕಂಪನಿಯದಾ ಅಂತ ಬದಿಯ ಚೀಟಿ ನೋಡಿ, ಯಾವಾಗ ಬದಲಾಯಿಸಿದರು, ಯಾಕೆ ಬದಲಾಯಿಸಿದರು ಅಂತಲೂ ಕೇಳಿ. ನಡುಕ ಶುರುವಾದ ಮೇಲೆ ಬದಲಾಯಿಸಿದ್ದಾದರೆ ಕನ್ವರ್ಟರಿನ ದುಡ್ಡು ನಿಮ್ಮ ತಲೆಗೇ ಬರುತ್ತೆ.